ಚಹಾ ಕೊಟ್ಟರೆ ಸಾಲದು: ನವನಗರದ ನಮ್ಮ ಟೆಸ್ಟಿಂಗ್ ರವಿವಾರಗಳು

ಎಲ್ಲರೂ ಕೂಡಿ ತಂತ್ರಾಂಶದ ತಪ್ಪು ಹುಡುಕುವ ನಮ್ಮ ಕೂಟಕ್ಕೆ ಮೊದಲ ಸಲ 23 ಜನ ಬಂದಿದ್ದರು. ಎರಡನೇ ಸಲ ಅವರಲ್ಲಿ ಮತ್ತೆ ಬಂದವರು 4 ಜನ. ಈ ಎರಡೂ ಸಂಖ್ಯೆ ನನ್ನ ನೋಟ್‌ಬುಕ್ಕಿನ ಒಂದೇ ಪುಟದಲ್ಲಿವೆ. ಆ ಪುಟ ನೋಡಿದಾಗಲೆಲ್ಲ ಉಳಿದ 19 ಜನ ಯಾಕೆ ಬರಲಿಲ್ಲ ಅನ್ನೋದೇ ತಲೆಯಲ್ಲಿ ತಿರುಗುತ್ತಿತ್ತು.

ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಬಿಡುವಿನ ಹೊತ್ತಿನಲ್ಲಿ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನು ಪರೀಕ್ಷೆ ಮಾಡಿ ತಪ್ಪು ಕಂಡರೆ ವರದಿ ಮಾಡುವುದು ಮೊದಲಿನಿಂದಲೂ ಇದ್ದ ಅಭ್ಯಾಸ. ಈ ಲೋಕದಲ್ಲಿ ಎಲ್ಲರೂ ಕೂಡಿ ಟೆಸ್ಟ್ ಮಾಡುವ ಪದ್ಧತಿ ಹಳೆಯದು. ಫೆಡೋರಾ, ಡೆಬಿಯನ್ ಎರಡೂ ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಬಗೆಗಳು. ಫೆಡೋರಾದವರು ಟೆಸ್ಟ್ ಡೇ ಮಾಡುತ್ತಾರೆ. ಡೆಬಿಯನ್‌ನವರು ಬಗ್ ಸ್ಕ್ವಾಷಿಂಗ್ ಪಾರ್ಟಿ ಅಂತ ಸೇರುತ್ತಾರೆ, ಬಗ್ ಅಂದರೆ ತಂತ್ರಾಂಶದ ತಪ್ಪು. ಪತ್ರ, ಲೆಕ್ಕದ ಪಟ್ಟಿ ಮಾಡುವ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ದೊಡ್ಡ ಆವೃತ್ತಿ ಬರುವ ಮುಂಚೆ ಬಗ್ ಹಂಟಿಂಗ್ ಇರುತ್ತದೆ. ನಮ್ಮ ಕಡೆ ಕನ್ನಡದಲ್ಲೇ ದಿನವಿಡೀ ಕಂಪ್ಯೂಟರ್ ಬಳಸುವ ಜನ ಇಷ್ಟೊಂದು ಇದ್ದಾರೆ, ಇಲ್ಲೇ ಯಾಕೆ ಮಾಡಬಾರದು ಅಂತ ನಾವು ಮೂವರು ಗೆಳೆಯರು ಶುರು ಮಾಡಿದೆವು.

ಮೊದಲ ಸಲ ಒಂದು ಕಾಲೇಜಿನ ಲ್ಯಾಬ್ ಸಿಕ್ಕಿತ್ತು. ಉಪ್ಪಿಟ್ಟು, ಚಹಾ ಎಲ್ಲ ಇತ್ತು. ಬಾಗಿಲಲ್ಲಿ ನಿಂತು ಎಲ್ಲರನ್ನೂ ನಗುತ್ತಾ ಒಳಗೆ ಕರೆದೆವು. ಲಿಬ್ರೆಆಫೀಸ್‌ನ ಪರೀಕ್ಷಾ ಆವೃತ್ತಿಯ ಫೈಲು 300 ಎಂಬಿಗೂ ಜಾಸ್ತಿ. ಅದನ್ನು 23 ಜನ ಒಂದೇ ವೈಫೈನಲ್ಲಿ ಒಟ್ಟಿಗೆ ಇಳಿಸಲು ಕೂತರು. ಅದು ಇಳಿಯುವವರೆಗೆ ಸುಮ್ನೆ ಕೂರಿಸಬಾರದು ಅಂತ ನಾನು 40 ನಿಮಿಷ ಭಾಷಣ ಮಾಡಿದೆ. ಆಮೇಲೆ ಬಗ್ ವರದಿ ಮಾಡಲು ಖಾತೆ ತೆರೆಯಬೇಕು. ಕೆಲವರಿಗೆ ಮೇಲ್‌ನ ಪಾಸ್‌ವರ್ಡೇ ನೆನಪಿಲ್ಲ. ಇಂಗ್ಲಿಷಿನಲ್ಲಿದ್ದ ಪರೀಕ್ಷೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಹಂಚಿದ್ದೆವು. ‘ಈ ಮೆನು ತೆರೆಯಿರಿ, ಆ ಬಟನ್ ಒತ್ತಿ, ಸರಿ ಇದೆಯಾ ನೋಡಿ’ ಅನ್ನುವಂಥ ಸಾಲುಗಳು. ಮಧ್ಯಾಹ್ನ ಒಂದಕ್ಕೆ ಜನ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಉಳಿದದ್ದು 3 ವರದಿ. ಅದರಲ್ಲಿ ಎರಡರಲ್ಲಿ ‘ಕನ್ನಡ ಸರಿ ಬರುತ್ತಿಲ್ಲ’ ಅನ್ನುವುದು ಬಿಟ್ಟರೆ ಬೇರೇನೂ ಇರಲಿಲ್ಲ.

ಹೋಗುವಾಗ ಒಬ್ಬ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ: “ಸರ, ನಾ ಇವತ್ತ ಖರೇನ ಏನ್ ಮಾಡಬೇಕಿತ್ರಿ?”

ಅವನು ಮೂರು ತಾಸು ಕೂತಿದ್ದ. ಅಷ್ಟು ಹೊತ್ತು ಕೂತ ಮೇಲೂ ಅವನಿಗೆ ಅದು ತಿಳಿದಿರಲಿಲ್ಲ ಅಂದರೆ ತಪ್ಪು ನಮ್ಮದೇ. ಬಂದವರಿಗೆ ಚಹಾ ಕೊಟ್ಟೆವು, ಕುರ್ಚಿ ಕೊಟ್ಟೆವು, ಕೆಲಸ ಕೊಡಲಿಲ್ಲ. ಅವರು ಹುಡುಕಿದ್ದನ್ನು ಪಕ್ಕದಲ್ಲಿ ಕೂತು ನೋಡುವವರೂ ಇರಲಿಲ್ಲ. ಆ ದಿನದಿಂದ ಎರಡೇ ವಿಷಯ ಗಟ್ಟಿಯಾಗಿ ಹಿಡಿದುಕೊಂಡೆವು. ಬಂದವರು ಕೂತ ಹತ್ತು ನಿಮಿಷದೊಳಗೆ ಅವರ ಕೈಗೆ ಕೆಲಸ ಸಿಗಬೇಕು. ಅವರು ಕಂಡ ತಪ್ಪನ್ನು ಅವರು ಎದ್ದು ಹೋಗುವ ಮುಂಚೆ ಇನ್ನೊಬ್ಬರು ನೋಡಿ ಹೌದು ಅನ್ನಬೇಕು.

ಮೊದಲು ಡೌನ್‌ಲೋಡ್ ಕಾಟ ತಪ್ಪಿಸಿದೆವು. ಹತ್ತು ಪೆನ್‌ಡ್ರೈವ್ ತಂದು ಹಿಂದಿನ ರಾತ್ರಿಯೇ ಎಲ್ಲ ತುಂಬಿಸಿ ಇಡುತ್ತೇವೆ. ಲಿಬ್ರೆಆಫೀಸ್‌ನ ಪ್ರತಿದಿನದ ಪರೀಕ್ಷಾ ಆವೃತ್ತಿ ‘ಲಿಬ್ರೆಆಫೀಸ್‌ಡೆವ್’ ಅನ್ನುವ ಹೆಸರಲ್ಲಿ ಬೇರೆಯಾಗಿಯೇ ಕೂರುತ್ತದೆ, ಮೊದಲಿದ್ದದ್ದನ್ನು ಮುಟ್ಟುವುದಿಲ್ಲ. ಲಿನಕ್ಸ್ ನೋಡಬೇಕಾದರೆ ಲೈವ್ ಪೆನ್‌ಡ್ರೈವ್‌ನಿಂದ ಚಾಲೂ ಮಾಡುತ್ತೇವೆ. ಇನ್‌ಸ್ಟಾಲ್ ಅಂತ ನಾವೇ ಒತ್ತದ ಹೊರತು ಅದು ಹಾರ್ಡ್‌ಡಿಸ್ಕಿಗೆ ಕೈ ಹಾಕುವುದಿಲ್ಲ. ಇದನ್ನು ಶುರುವಿನಲ್ಲೇ ಬಾಯಿಬಿಟ್ಟು ಹೇಳಬೇಕು. ಯಾಕಂದರೆ ‘ನನ್ನ ಫೈಲ್ ಹೋದರೆ?’ ಅನ್ನುವ ಅಂಜಿಕೆ ಬಹಳ ಜನರಿಗೆ ಇರುತ್ತದೆ, ಆದರೆ ಬಾಯಿಬಿಟ್ಟು ಕೇಳುವುದಿಲ್ಲ. ಡಿಟಿಪಿ ಅಂಗಡಿ ನಡೆಸುವವರಿಗೆ ಆ ಲ್ಯಾಪ್‌ಟಾಪೇ ಹೊಟ್ಟೆಪಾಡು. ಅಂಥವರಿಗೆ ನಮ್ಮವೇ ನಾಲ್ಕು ಹಳೇ ಲ್ಯಾಪ್‌ಟಾಪ್ ಇಟ್ಟಿದ್ದೇವೆ. ತಮ್ಮ ಯಂತ್ರ ಬ್ಯಾಗಿನಲ್ಲೇ ಇರಲಿ, ಪರವಾಗಿಲ್ಲ.

ಖಾತೆ ತೆರೆಯುವ ಕೆಲಸ ಶುಕ್ರವಾರ ಸಂಜೆಯೇ ಫೋನಿನಲ್ಲಿ ಮುಗಿಯುತ್ತದೆ. ಅದಕ್ಕೆ ಬೇರೆಯೇ ಒಂದು ಮೇಲ್ ಐಡಿ ಮಾಡಿಕೊಳ್ಳಿ ಅನ್ನುತ್ತೇವೆ. ಬಗ್ ಪಟ್ಟಿಗಳು ಎಲ್ಲರಿಗೂ ಕಾಣುವಂಥವು, ಮನೆಯ ಮೇಲ್ ಅಲ್ಲಿ ಬೇಡ. ಖಾತೆ ಬೇಡ ಅನ್ನುವವರನ್ನೂ ಒತ್ತಾಯ ಮಾಡುವುದಿಲ್ಲ. ಅವರು ಹುಡುಕಲಿ, ಪಕ್ಕದವರು ಬರೆಯಲಿ.

ಜಾಗವನ್ನೂ ಬದಲಿಸಿದೆವು. ಹುಬ್ಬಳ್ಳಿಯಲ್ಲಿ ಇಟ್ಟರೆ ಧಾರವಾಡದವರಿಗೆ ದೂರ, ಅಲ್ಲಿಟ್ಟರೆ ಇಲ್ಲಿಯವರಿಗೆ ದೂರ. ನವನಗರ ನಡುವೆ ಇದೆ, ಚಿಗರಿ ಬಸ್ಸು ಅಲ್ಲೇ ನಿಲ್ಲುತ್ತದೆ. ಅಲ್ಲಿ ಒಂದು ಓದುವ ಕೋಣೆಯ ಮೇಲಿನ ಹಾಲ್ ರವಿವಾರ ಖಾಲಿ ಇರುತ್ತದೆ. ಹೊತ್ತು ಬೆಳಿಗ್ಗೆ ಹತ್ತರಿಂದ ಎರಡು. ಗದಗ, ಹಾವೇರಿಯಿಂದ ಬಂದ ಹೆಣ್ಣುಮಕ್ಕಳು ಬೆಳಕಿದ್ದಾಗಲೇ ಮನೆ ಮುಟ್ಟಬೇಕು. ಮೊದಲು ಸಂಜೆಯವರೆಗೆ ಇಟ್ಟಾಗ ಬಂದ ಮೂವರು ಹೆಣ್ಣುಮಕ್ಕಳೂ ನಡುವೆಯೇ ಎದ್ದು ಹೋಗಿದ್ದರು. ಅವರಿಗೆ ಆಸಕ್ತಿ ಕಡಿಮೆ ಅಂತ ನಾವು ಅಂದುಕೊಂಡಿದ್ದೆವು. ಕೇಳಿದ ಮೇಲೆ ಗೊತ್ತಾಯಿತು, ಅದು ಬಸ್ಸಿನ ಹೊತ್ತು ಅಂತ.

ಇದೆಲ್ಲ ಏರ್ಪಾಟಿನ ಮಾತು. ಖರೇ ಬದಲಾವಣೆ ಆದದ್ದು ಪರೀಕ್ಷೆಯ ಪಟ್ಟಿ ಬಿಟ್ಟಾಗ.

ಈಗ ಬಂದವರಿಗೆ ಒಂದೇ ಪ್ರಶ್ನೆ ಕೇಳುತ್ತೇವೆ: “ನಿನ್ನೆ ಕಂಪ್ಯೂಟರಿನಲ್ಲಿ ಯಾವ ಕೆಲಸ ಮಾಡಿದ್ರಿ? ಅದನ್ನೇ ಇಲ್ಲಿ ಮಾಡ್ರಿ.” ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗ ತನ್ನ ಪ್ರಚಲಿತ ಘಟನೆಗಳ ನೋಟ್ಸ್ ಮಾಡುತ್ತಾನೆ. ಶಾಲೆಯ ಮೇಡಂ ಹಾಜರಿಯ ಪಟ್ಟಿಯನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸುತ್ತಾರೆ. ಮೊದಲು ಹೊಸದನ್ನು ಕಲಿಸಿ ಆಮೇಲೆ ಅದರಲ್ಲಿ ತಪ್ಪು ಹುಡುಕಿ ಅಂದರೆ ಯಾರಿಗೆ ಆಗುತ್ತದೆ? ತನಗೆ ಗೊತ್ತಿರುವ ಕೆಲಸದಲ್ಲಿ ಏನು ಸರಿಯಿಲ್ಲ ಅಂತ ಬೆರಳಿಗೇ ಗೊತ್ತಾಗುತ್ತದೆ.

ಗದಗಿನ ಅಕ್ಕನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಗದಗ-ಬೆಟಗೇರಿ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು, ನಿಮಗೆ ಗೊತ್ತಲ್ವಾ. ಅವರು ಅಲ್ಲೇ ಇಪ್ಪತ್ತು ವರ್ಷದಿಂದ ಟೈಪಿಂಗ್ ಮಾಡುವವರು. ಲಗ್ನಪತ್ರಿಕೆ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಸೊಸೈಟಿಯ ವರದಿ, ಇವೇ ಅವರ ದಿನದ ಕೆಲಸ. ಪರದೆ ನೋಡದೆ ಟೈಪ್ ಮಾಡುತ್ತಾರೆ. “ನನಗ ಟೆಸ್ಟಿಂಗ್ ಗಿಸ್ಟಿಂಗ್ ಬರಂಗಿಲ್ರಿ” ಅಂತ ಹೇಳುತ್ತಲೇ ಬಂದಿದ್ದರು.

ಅವತ್ತು ನಾವು ನೋಡುತ್ತಿದ್ದದ್ದು ಒಂದು ಮುಕ್ತ ತಂತ್ರಾಂಶದ ನೋಟ್ಸ್ ಆ್ಯಪ್. ಅಕ್ಕ ಒಂದು ಹಳೇ ಆಮಂತ್ರಣದ ಒಕ್ಕಣೆಯನ್ನು ಅದರೊಳಗೆ ಅಂಟಿಸಿದರು. ಇನ್ನೊಂದಿಷ್ಟು ಸಾಲು ತಾವೇ ಟೈಪ್ ಮಾಡಿದರು. ಆಮೇಲೆ ‘ಕಾರ್ಯಕ್ರಮ’ ಅಂತ ಹುಡುಕಿದರು. ಎರಡು ಕಡೆ ಹಳದಿ ಬಣ್ಣ ಬಂತು. ಅವರು ಪರದೆಗೆ ಬೆರಳು ಇಟ್ಟು ಕರೆದರು.

“ಸರ, ಇಲ್ಲಿ ಬರ್ರಿ. ಇಲ್ಲಿ ನಾಕ್ ಕಡೆ ಐತಿ. ಎರಡ ತೋರಸಾಕತ್ತೈತಿ. ಉಳದದ್ದು ಕಣ್ಣಿಗೆ ಕಾಣ್ತೈತಿ, ಹುಡುಕಿದ್ರ ಸಿಗವಲ್ದು.”

ನಾನು ಬಗ್ಗಿ ನೋಡಿದೆ. ಸಿಕ್ಕ ಎರಡು ‘ಕಾರ್ಯಕ್ರಮ’, ಅರ್ಕಾವತ್ತು ಇರುವವು. ಸಿಗದ ಎರಡು ‘ಕಾರ‍್ಯಕ್ರಮ’, ರ-ಕಾರದ ಕೆಳಗೆ ಯ ಒತ್ತು ಇರುವವು. ಓದುವವರಿಗೆ ಎರಡೂ ಒಂದೇ ಮಾತು. ಆದರೆ ಕಂಪ್ಯೂಟರ್ ನೋಡುವುದು ಸಂಕೇತಗಳನ್ನು. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮೊದಲನೆಯದಕ್ಕೆ 9 ಸಂಕೇತ. ಎರಡನೆಯದರಲ್ಲಿ ರ ಮತ್ತು ಹಲಂತದ (ಒತ್ತಕ್ಷರ ಮಾಡುವ ್ ಗುರುತಿನ) ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಜೀರೋ ವಿಡ್ತ್ ಜಾಯ್ನರ್ ಅಂತ. ಅರ್ಕಾವತ್ತು ಆಗದಂತೆ ತಡೆಯುವುದೇ ಅದರ ಕೆಲಸ. ಹಾಗಾಗಿ ಅಲ್ಲಿ 10 ಸಂಕೇತ. 9 ಮತ್ತು 10 ಸೇರುವುದಿಲ್ಲ, ಆದ್ದರಿಂದ ಆ್ಯಪ್ ‘ಇಲ್ಲ’ ಅನ್ನುತ್ತದೆ.

ನನಗೆ ಈ ಜಾಯ್ನರ್ ವಿಷಯ ಮೊದಲೇ ಗೊತ್ತಿತ್ತು. ಆದರೂ ಹುಡುಕಾಟದಲ್ಲಿ ಹೀಗೆ ಆಗುತ್ತದೆ ಅಂತ ಪರೀಕ್ಷಿಸಿ ನೋಡಬೇಕು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಬೇರೆ ಬೇರೆ ಗಿರಾಕಿಗಳಿಂದ, ಬೇರೆ ಬೇರೆ ತಂತ್ರಾಂಶಗಳಿಂದ ಬಂದ ಕನ್ನಡವನ್ನು ಒಂದೇ ಫೈಲಿನಲ್ಲಿ ಬೆರೆಸುವುದು ಅಕ್ಕನ ದಿನದ ಕೆಲಸ. ನಾನು ಬರೆದ ಯಾವ ಪಟ್ಟಿಯಲ್ಲೂ ಈ ಪರೀಕ್ಷೆ ಇರುತ್ತಿರಲಿಲ್ಲ.

ವರದಿಯನ್ನು ಅವರೇ ಬರೆಯಬೇಕು ಅಂತ ನನ್ನ ಆಸೆ. ಅವರು ಇಂಗ್ಲಿಷ್ ಬರಲ್ಲ ಅಂದರು. ಅದಕ್ಕೆ ನಮ್ಮಲ್ಲಿ ಒಂದು ಚೀಟಿ ಇದೆ, ಅಂಗೈ ಅಗಲದ್ದು. ಅದರ ಮೇಲೆ ಮೂರೇ ಸಾಲು: ನಾನು ಏನು ಮಾಡಿದೆ? ಏನಾಗಬೇಕಿತ್ತು? ಏನಾಯ್ತು? ಇಂಗ್ಲಿಷಿನ ಬಗ್ ವರದಿಗಳಲ್ಲಿ ಕೇಳುವುದೂ ಇದೇ ಮೂರು. ಅಕ್ಕ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರು. ಏನಾಗಬೇಕಿತ್ತು ಅನ್ನುವ ಸಾಲಿನಲ್ಲಿ ‘ನಾಲ್ಕೂ ಸಿಗಬೇಕು, ಏಕೆಂದರೆ ನಾಲ್ಕೂ ಒಂದೇ ಶಬ್ದ’ ಅಂತ ಬರೆದಿದ್ದರು. ನಾನು ಎಷ್ಟೋ ವರ್ಷದಿಂದ ವರದಿ ಬರೆಯುತ್ತಿದ್ದೇನೆ, ಇಷ್ಟು ಚೊಕ್ಕ ಸಾಲು ಬರೆದ ನೆನಪಿಲ್ಲ. ಪಕ್ಕದಲ್ಲಿದ್ದ ಇಂಜಿನಿಯರಿಂಗ್ ಓದುವ ಹುಡುಗಿ ಅದನ್ನು ಇಂಗ್ಲಿಷಿಗೆ ತಂದಳು. ಎರಡೂ ಬಗೆಯ ಪದ ಇರುವ ನಾಲ್ಕು ಸಾಲಿನ ಚಿಕ್ಕ ಫೈಲು ಮಾಡಿ ಜೊತೆಗೆ ಹಾಕಿದಳು. ವರದಿ ಹೋದದ್ದು ಅಕ್ಕನ ಖಾತೆಯಿಂದ.

ಇಲ್ಲಿಗೆ ಮುಗಿಯಲಿಲ್ಲ. ಎದುರು ಮೇಜಿನ ಹುಡುಗನಿಗೆ ಅದೇ ಫೈಲು ಕೊಟ್ಟು, ಅಕ್ಕನ ಚೀಟಿ ನೋಡಿಕೊಂಡು ಅದೇ ರೀತಿ ಮಾಡು ಅಂದೆವು. ಬೇರೆ ಲ್ಯಾಪ್‌ಟಾಪ್, ಬೇರೆ ಫಾಂಟ್. ಅವನಿಗೂ ಎರಡೇ ಸಿಕ್ಕವು. “ಹೌದ್ರಿ ಅಕ್ಕಾರ, ನನಗೂ ಹಂಗ ಆತು” ಅಂದ. ಅಕ್ಕನ ಮುಖ ಆಗ ನೋಡಬೇಕಿತ್ತು. ‘ನನಗೂ ಹಾಗೇ ಆಯಿತು’ ಅಂತ ಅವನೂ ವರದಿಯ ಕೆಳಗೆ ಬರೆದ.

ಈ ದೃಢೀಕರಣದ ಬೆಲೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಲಿಬ್ರೆಆಫೀಸ್‌ನ ಬಗ್ ವರದಿಗಳ ತಾಣ ಬಗ್‌ಜಿಲ್ಲಾದಲ್ಲಿ ಹೊಸ ವರದಿ ‘ಅನ್‌ಕನ್ಫರ್ಮ್ಡ್’ ಅಂತ ಬಿದ್ದಿರುತ್ತದೆ. ಇನ್ನೊಬ್ಬರು ಮಾಡಿ ನೋಡಿ ಹೌದು ಅಂದ ಮೇಲೆ ಅದು ‘ನ್ಯೂ’ ಆಗುತ್ತದೆ. ಕನ್ನಡ ಓದಲು ಬಾರದವರು ಕನ್ನಡದ ತಪ್ಪನ್ನು ಹೌದು ಅನ್ನುವುದು ಹೇಗೆ? ಅವರಿಗೆ ಯಾವುದು ಸರಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ನಮ್ಮ ಭಾಷೆಯ ವರದಿಗಳು ಕಾಯುತ್ತಾ ಬಿದ್ದಿರುತ್ತವೆ. ಒಂದೇ ಕೋಣೆಯಲ್ಲಿ ಹದಿನೈದು ಕನ್ನಡಿಗರು ಕೂತಿದ್ದಾಗ ಆ ಕೆಲಸ ಐದು ನಿಮಿಷದ್ದು. ಕೂಡಿ ಕೂರುವುದರ ದೊಡ್ಡ ಲಾಭ ನನಗೆ ಇದರಲ್ಲೇ ಕಂಡಿತು. ಹೊಸ ಬಗ್ ಹುಡುಕುವುದಾದರೆ ಮನೆಯಲ್ಲಿ ಕೂತೂ ಹುಡುಕಬಹುದು.

ಮಧ್ಯಾಹ್ನ ಹನ್ನೆರಡಕ್ಕೆ ಆ ಆ್ಯಪ್‌ನ ಡೆವಲಪರ್ ಒಬ್ಬರು ವಿಡಿಯೊ ಕರೆಯಲ್ಲಿ ಬರುವ ಮಾತಾಗಿತ್ತು. ಅವರಿಗೆ ಕನ್ನಡ ಬಾರದು. ಅಕ್ಕ ಎರಡೂ ಪದ ತೋರಿಸಿದರು, ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. “ಇವು ಎರಡು ಬೇರೆ ಸ್ಪೆಲಿಂಗ್ ಅಲ್ಲವೇ?” ಅಂತ ಆತ ಕೇಳಿದರು. ಅಲ್ಲ, ಒಂದೇ ಪದವನ್ನು ಬರೆಯುವ ಎರಡು ರೀತಿ ಅಂತ ಅಕ್ಕ ಗಟ್ಟಿಯಾಗಿ ಹೇಳಿದರು. ಮೂರು ವಾರದಲ್ಲಿ ಸರಿಯಾಯಿತು. ಹುಡುಕುವಾಗ ಕಾಣದ ಆ ಸಂಕೇತಗಳನ್ನು ಬದಿಗಿಟ್ಟು ಹೋಲಿಸುವಂತೆ ಮಾಡಿದರು. ಅದರಿಂದ ‘ಸಾಫ್ಟ್‌ವೇರ್’ ಮತ್ತು ‘ಸಾಫ್ಟ್ವೇರ್’ ಕೂಡ ಒಂದೇ ಹುಡುಕಾಟದಲ್ಲಿ ಸಿಗತೊಡಗಿದವು. ಅಲ್ಲೂ ಇಂಥದ್ದೇ ಒಂದು ಕಾಣದ ಸಂಕೇತದ ವ್ಯತ್ಯಾಸ ಇತ್ತು.

ಡೆವಲಪರ್ ಸಿಗುವುದಾದರೆ ಅರ್ಧ ತಾಸಾದರೂ ಕರೆಯಲ್ಲಿ ಕೂರಿಸಿ. ಆದರೆ ಅವರು ಭಾಷಣ ಮಾಡುವುದು ಬೇಡ, ಬಂದವರು ತೋರಿಸಿದ್ದನ್ನು ನೋಡಲಿ.

ಇನ್ನೊಂದು ರವಿವಾರ ಧಾರವಾಡದಿಂದ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಬಂದಿದ್ದ. ಎನ್‌ವಿಡಿಎ ಅನ್ನುವ, ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾನೆ. ಅದೂ ಮುಕ್ತ ತಂತ್ರಾಂಶ, ಅದರ ಜೊತೆ ಬರುವ ಈಸ್ಪೀಕ್ ದನಿಯಲ್ಲಿ ಕನ್ನಡವೂ ಇದೆ. ಇಯರ್‌ಫೋನ್ ಒಂದು ಕಿವಿಗೆ ಹಾಕಿಕೊಂಡು ಇನ್ನೊಂದನ್ನು ನನಗೆ ಕೊಟ್ಟ. ಅವನು ಇಟ್ಟುಕೊಂಡ ವೇಗದಲ್ಲಿ ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಟೂಲ್‌ಬಾರಿಗೆ ಬಂದಾಗ ಮಾತ್ರ ತಿಳಿಯಿತು: “ಬಟನ್. ಬಟನ್. ಬಟನ್.” ಅಳಿಸುವ ಬಟನ್ ಯಾವುದು, ಉಳಿಸುವ ಬಟನ್ ಯಾವುದು, ಹೆಸರೇ ಇಲ್ಲ. ಚಿತ್ರ ನೋಡಿ ಒತ್ತುವ ನಮಗೆ ಇದು ಎಂದೂ ಗೊತ್ತಾಗುವುದಿಲ್ಲ. ಅವತ್ತು ಅವನೊಬ್ಬನೇ ಆರು ವರದಿ ಕಳಿಸಿದ. ಅವನು ಬರುತ್ತಾನೆ ಅಂದಾಗ ನಾವು ಮಾಡಿದ್ದು ಇಷ್ಟೇ. ಬಸ್ ಸ್ಟಾಪಿಗೆ ಒಬ್ಬರು ಹೋಗಿದ್ದೆವು, ಮೆಟ್ಟಿಲ ಹತ್ತಿರದ ಮೇಜು ಕೊಟ್ಟೆವು, ಆ ಮೂಲೆಯಲ್ಲಿ ಗದ್ದಲ ಕಡಿಮೆ ಇರುವಂತೆ ನೋಡಿಕೊಂಡೆವು. ಕಿವಿಯಿಂದ ಕೆಲಸ ಮಾಡುವವರಿಗೆ ಗದ್ದಲವೇ ದೊಡ್ಡ ತೊಂದರೆ.

ಒಂದು ಎಚ್ಚರಿಕೆ. ಒಮ್ಮೆ ಒಬ್ಬರು ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ ಅವರ ಗಿರಾಕಿಯ ಆಧಾರ್ ನಂಬರ್ ಕಾಣುತ್ತಿತ್ತು. ಕಳಿಸುವ ಮುಂಚೆ ಪಕ್ಕದವರು ನೋಡಿದ್ದರಿಂದ ಉಳಿದೆವು. ಬಗ್ ವರದಿಗೆ ಹಾಕಿದ ಫೈಲನ್ನು ಜಗತ್ತೇ ನೋಡಬಹುದು. ಈಗ ನಾವೇ ಮಾಡಿದ ಮಾದರಿ ಫೈಲುಗಳು ಪೆನ್‌ಡ್ರೈವ್‌ನಲ್ಲಿರುತ್ತವೆ. ಇಲ್ಲದ ವರ, ಇಲ್ಲದ ವಧುವಿನ ಲಗ್ನಪತ್ರಿಕೆ, ಸುಳ್ಳು ಹೆಸರಿನ ಹಾಜರಿ ಪಟ್ಟಿ. ಬೇರೆಯವರ ಕಾಗದ ಹೊರಗೆ ಹೋಗಬಾರದು ಅನ್ನುವುದರಲ್ಲಿ ನಾವು ತುಂಬಾ ಕಟ್ಟುನಿಟ್ಟು.

‘ಇದು ಮೊದಲೇ ವರದಿಯಾಗಿದೆ’ ಅನ್ನುವ ಮಾತು ಹೊಸಬರಿಗೆ ಚುಚ್ಚುತ್ತದೆ. ಎರಡು ತಾಸು ಕಷ್ಟಪಟ್ಟು ಹುಡುಕಿದ್ದು ಡೂಪ್ಲಿಕೇಟ್ ಅಂತ ಮುಚ್ಚಿಹೋದರೆ ಯಾರಿಗೆ ಬೇಜಾರಾಗುವುದಿಲ್ಲ? ಅದಕ್ಕೆ ನಾವು ಮೊದಲೇ ಕೂಡಿ ಹುಡುಕುತ್ತೇವೆ. ಹಳೇ ವರದಿ ಸಿಕ್ಕರೆ ಅದಕ್ಕೇ ನಮ್ಮ ಫೈಲು, ನಮ್ಮ ಆವೃತ್ತಿಯ ವಿವರ ಸೇರಿಸುತ್ತೇವೆ. ಲಿಬ್ರೆಆಫೀಸ್‌ನಲ್ಲಿ ‘ಅಬೌಟ್’ ಕಿಟಕಿ ತೆರೆದರೆ ಆ ವಿವರವನ್ನು ಒಂದೇ ಒತ್ತಿಗೆ ಕಾಪಿ ಮಾಡಬಹುದು. ನಿಜ ಹೇಳಬೇಕೆಂದರೆ ಮೊದಲ ಸಲ ಬಂದವರಿಗೆ ಹಳೇ ಬಗ್ ಮರುಪರೀಕ್ಷೆಯೇ ಒಳ್ಳೆಯ ಕೆಲಸ. ಒಂದು ವರ್ಷಕ್ಕೂ ಜಾಸ್ತಿ ಯಾರೂ ಮುಟ್ಟದ ವರದಿಗಳನ್ನು ಮತ್ತೆ ನೋಡಿ ಅಂತ ಲಿಬ್ರೆಆಫೀಸ್‌ನ ಕ್ಯೂಎ (ಗುಣಮಟ್ಟ ನೋಡುವ) ತಂಡವೇ ಕೇಳಿಕೊಳ್ಳುತ್ತದೆ. ಏನು ಮಾಡಬೇಕು ಅಂತ ಅಲ್ಲಿ ಬರೆದೇ ಇರುತ್ತದೆ. ಈಗಲೂ ಆಗುತ್ತದೆಯೋ ಇಲ್ಲವೋ, ಅಷ್ಟೇ ಹೇಳಬೇಕು. ಮೊದಲ ಅರ್ಧ ತಾಸಿನಲ್ಲೇ ಒಂದು ಕೆಲಸ ಮುಗಿಸಿದ ಸಮಾಧಾನ ಸಿಗುತ್ತದೆ.

ರವಿವಾರದ ನಂತರದ ಕೆಲಸವನ್ನು ನಾವು ತಡವಾಗಿ ಕಲಿತೆವು. ಎರಡು ವಾರ ಬಿಟ್ಟು ಡೆವಲಪರ್ ಏನೋ ಕೇಳಿ ಬರೆಯುತ್ತಾರೆ. ಆ ಮೇಲ್ ಅನ್ನು ಯಾರೂ ತೆರೆಯುವುದಿಲ್ಲ. ಉತ್ತರ ಬಾರದ ವರದಿಯನ್ನು ಕೊನೆಗೆ ಮುಚ್ಚಿಬಿಡುತ್ತಾರೆ. ಈಗ ಹದಿನೈದು ದಿನಕ್ಕೊಮ್ಮೆ ಬುಧವಾರ ರಾತ್ರಿ ಅರ್ಧ ತಾಸು ಫೋನಿನಲ್ಲಿ ಸೇರಿ ಉತ್ತರ ಬರೆಯುತ್ತೇವೆ. ಮುಂದಿನ ರವಿವಾರ ಶುರುವಾಗುವುದೇ ಹಳೇ ಚೀಟಿಗಳಿಂದ. ಯಾವುದು ಸರಿಯಾಯಿತು, ಯಾವುದು ಹಾಗೇ ಇದೆ, ಯಾವುದನ್ನು ಬೇಡ ಅಂದರು ಅಂತ ಬರೆದವರ ಹೆಸರು ಹೇಳಿ ಓದುತ್ತೇವೆ. ಬೇಡ ಅಂದದ್ದನ್ನೂ ಓದುತ್ತೇವೆ, ಕಾರಣದ ಜೊತೆ.

ಕಳೆದ ಸಲ 17 ಜನ ಬಂದಿದ್ದರು, ಅವರಲ್ಲಿ 11 ಜನ ಹಳಬರು. ಚಪ್ಪಲಿ ಹಾಕಿಕೊಳ್ಳುತ್ತಾ ಪ್ರಶ್ನೆ ಕೇಳಿದ್ದ ಆ ಹುಡುಗನನ್ನು ನಾನೇ ಫೋನ್ ಮಾಡಿ ಕರೆದಿದ್ದೆ. ಈಗ ಹೊಸಬರ ಪಕ್ಕ ಕೂರುವವನು ಅವನೇ.

ಮುಂದಿನದು ಗದಗಿನಲ್ಲಿ, ಅಕ್ಕನ ಅಂಗಡಿಯ ಮಾಳಿಗೆಯ ಮೇಲೆ. ಅಕ್ಕಪಕ್ಕದ ಪ್ರೆಸ್ಸುಗಳಿಂದ ಎಂಟು ಜನ ಟೈಪ್ ಮಾಡುವವರನ್ನು ಅವರೇ ಒಪ್ಪಿಸಿದ್ದಾರೆ. “ಮಿರ್ಚಿ ಗಿರ್ಮಿಟ್ ನಂದು, ಪೆನ್‌ಡ್ರೈವ್ ನಿಮ್ದು” ಅಂದರು. ಮಾಳಿಗೆಯಲ್ಲಿ ಪ್ಲಗ್ ಪಾಯಿಂಟ್ ಎರಡೇ ಇವೆಯಂತೆ. ಈ ವಾರ ಮೂರು ಎಕ್ಸ್‌ಟೆನ್ಶನ್ ಬಾಕ್ಸ್ ತರಬೇಕು.